ಎಳ್ಳಮವಾಸ್ಯೆಯ ಒಪ್ಪಿಗೆ

ಸಭೆಯ ಅಧ್ಯಕ್ಷರಾದ ವೈಜನಾಥ ಅವರೇ, ಇಂದಿನ ಸನ್ಮಾನಿತೆ, ನನ್ನ ಹಳೆಯ ವಿದ್ಯಾರ್ಥಿನಿ, ಬೀಜವಿಜ್ಞಾನಿ ಡಾಕ್ಟರ್ ವೈಷ್ಣವಿ ಅವರೇ, ನಿಲಂಗಾ ಕನ್ನಡ ಸಂಘದ ಹಿರಿಯರೇ, ಬಿಸಿ ಉಪ್ಪಿಟ್ಟು ಬಿಟ್ಟು ಒಳಗೆ ಬಂದು ಕುಳಿತ ಸಭಿಕರೇ,

ಶಿವಕಾಂತಮ್ಮ ಟೀಚರು ಚುಟುಕಾಗಿ ಮಾತಾಡಲಿ ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಈ ಊರಿನ ಶಾಲೆಯಲ್ಲಿ ಮರಾಠಿಯಲ್ಲಿ ವಿಜ್ಞಾನ ಕಲಿಸಿದವಳು ನಾನು, ಸಿಟ್ಟು ಬಂದಾಗ ಕನ್ನಡದಲ್ಲಿ ಬೈದವಳು. ಚುಟುಕು ಎರಡರಲ್ಲೂ ಬರಲಿಲ್ಲ.

ವಿಷಯ ನಿಮಗೆ ಗೊತ್ತಿದೆ. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯ ಗುಣವನ್ನು ವೈಷ್ಣವಿಯ ತಂಡ ತೊಗರಿಗೆ ಸೇರಿಸಿದೆ. ಕಾಯಿಕೊರಕ ಹುಳು ಆ ತೊಗರಿ ತಿಂದರೆ ಸಾಯುತ್ತದಂತೆ. ಅದರ ಪ್ರಯೋಗಕ್ಕೆ ನನ್ನ ಹೊಲ ಕೇಳಿದ್ದಾರೆ. ಇಂದು ಈ ವೇದಿಕೆಯ ಮೇಲೆ ನಾನು ಹೂಂ ಅನ್ನಬೇಕು. ಬೆಳಿಗ್ಗೆಯಿಂದ ಚರ್ಚೆ ನಡೆದಿದೆ. ಒಬ್ಬರು ವಿಷ ಎಂದರು, ಒಬ್ಬರು ಅಮೃತ ಎಂದರು. ಇನ್ನೂ ಬಿತ್ತದ ಬೆಳೆಯ ಬಗ್ಗೆ ಇಷ್ಟೊಂದು ಖಾತ್ರಿ ಇವರಿಗೆ ಎಲ್ಲಿಂದ ಬಂತು? ನನಗಂತೂ ಬಂದಿಲ್ಲ. ನನಗೆ ನೋಡುವ ಆಸೆ. ಜೀವಮಾನವಿಡೀ ಕಪ್ಪುಹಲಗೆಯ ಮೇಲೆ ಹೂವಿನ ಚಿತ್ರ ಬರೆದು ಪರಾಗಸ್ಪರ್ಶ ಕಲಿಸಿದವಳ ಹೊಲಕ್ಕೇ ಪ್ರಯೋಗಾಲಯ ಬರುತ್ತದೆ ಎಂದರೆ ಆಸೆಯಾಗದೆ ಇರುತ್ತದೆಯೇ? ನನ್ನ ಹೆಸರಿನ ಬೋರ್ಡನ್ನು ರಸ್ತೆಯ ಕಡೆ ನಿಲ್ಲಿಸಬೇಕೋ, ಬಾವಿಯ ಕಡೆಯೋ ಎಂದು ಜಾಗವನ್ನೂ ನೋಡಿಟ್ಟಿದ್ದೇನೆ. ಅದಿರಲಿ, ಅದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ.

ನನ್ನ ಬದುವಿನಾಚೆ ಕುಸುಮಬಾಯಿಯ ಹೊಲ. ಅವರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಮನೆಯ ತೊಗರಿ ಬೀಜವನ್ನೂ ಒಂದು ಹಿಡಿ ಹಾಕುತ್ತಾರೆ. ತೊಂಬತ್ತಮೂರರ ಭೂಕಂಪದಲ್ಲಿ ಅವರ ಕಲ್ಲಿನ ಮನೆ ಕುಸಿಯಿತು. ಆಕೆಯ ಅತ್ತೆಯೂ ಬೀಜದ ಗಡಿಗೆಗಳೂ ಅದರಡಿ ಹೋದವು. ಮುಂದಿನ ಮುಂಗಾರಿಗೆ, ದೇವಣಿ ಊರಿಗೆ ಮದುವೆ ಮಾಡಿಕೊಟ್ಟಿದ್ದ ನಾದಿನಿ ಅದೇ ತಳಿಯ ತೊಗರಿಯನ್ನು ಉಡಿಯಲ್ಲಿ ಕಟ್ಟಿಕೊಂಡು ತವರಿಗೆ ಬಂದಳು. ಕುಸುಮಬಾಯಿ ಇಂದಿಗೂ ಬಿತ್ತುವುದು ಅದನ್ನೇ. ನಮ್ಮ ಮನೆಯ ಬೇಳೆಯೂ ಅದೇ.

ಆ ಕುಸುಮಬಾಯಿ ಪಕ್ಕದ ಹೊಲದವರಾಗಿ ಈ ಪ್ರಯೋಗಕ್ಕೆ ಒಪ್ಪಿದ್ದಾರೆ ಎಂದು ಅಧ್ಯಕ್ಷರು ಈಗಷ್ಟೇ ಘೋಷಿಸಿದರು. ನಿಜ, ಒಪ್ಪಿದಳು. ಎಲ್ಲಿ ಒಪ್ಪಿದಳು? ಮೊನ್ನೆ ಎಳ್ಳಮವಾಸ್ಯೆಯ ದಿನ, ನನ್ನ ಹೊಲದಲ್ಲಿ, ಪೈರಿಗೆ ನೈವೇದ್ಯದ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ. ವೈಜನಾಥರು ಭಜ್ಜಿಯ ಮೇಲೆ ಭಜ್ಜಿ ಬಡಿಸಿಕೊಳ್ಳುತ್ತ, "ತಂಗೀ, ನಿಂದೇನೂ ಹರಕತ್, ತಕರಾರು ಇಲ್ಲಲ್ಲಾ?" ಎಂದರು. ಆಕೆ "ಆಗ್ಲಿ ರೀ" ಎಂದಳು. ಅಧ್ಯಕ್ಷರೇ, ಆ ದಿನ ಮಂದಿಯ ಹೊಲದಲ್ಲಿ ಉಣ್ಣುತ್ತ ನಮ್ಮವರು ಯಾರಾದರೂ 'ಇಲ್ಲ' ಎಂದದ್ದನ್ನು ನೀವು ಕೇಳಿದ್ದೀರಾ? ಬೆಳೆ ಮುನಿಸಿಕೊಂಡೀತು ಎಂದು, ಇನ್ನೊಂದು ಲೋಟ ಅಂಬಲಿ ಬೇಡ ಎನ್ನಲಿಕ್ಕೂ ನಾವು ಹೆದರುತ್ತೇವೆ. ಹಾಗೆ ಹೆದರಿ ನಾನು ತಿಂದ ಸಜ್ಜೆಯ ಉಂಡೆಗಳ ಕಷ್ಟ ನನಗೊಬ್ಬಳಿಗೇ ಗೊತ್ತು.

ಮರುದಿನ ಆಕೆ ತನ್ನ ಹೊಲದಲ್ಲಿ ನಿಂತು ನನ್ನನ್ನೂ ವೈಷ್ಣವಿಯನ್ನೂ ಬದುವಿನ ಹತ್ತಿರ ಕರೆದಳು.

"ಯವ್ವಾ, ಜೇನುಹುಳಾ ಬದು ನೋಡಿ ಹಾರ್ತಾವೇನು?"

ವೈಷ್ಣವಿ ಮುಚ್ಚಿಡಲಿಲ್ಲ. "ಇಲ್ಲ ರೀ. ನಮ್ಮ ತೊಗರಿ ಪರಾಗ ನಿಮ್ಮ ಹೂವಿಗೂ ತರ್ತಾವ. ಅದಕ್ಕೇ ಪ್ರಯೋಗದ ವರ್ಷ ನೀವು ತೊಗರಿ ಹಾಕಬಾರದು. ನಿಮ್ಮ ಬೀಜ ನಾವು ತಂಪಿನ್ಯಾಗ ಇಡ್ತೀವಿ."

"ನೀವ್ ತಿರುಗಿ ಕೊಟ್ಟಾಗ ಅದು ನಂದೇ ಅಂತ ನಾ ಹ್ಯಾಂಗ ಗುರ್ತ ಹಿಡೀಲಿ?" ಎಂದಳು. ಸ್ವಲ್ಪ ಹೊತ್ತಿಗೆ ಆಕೆಯೇ, "ಖರೇನೇ ಹುಳಾ ಹತ್ತಂಗಿಲ್ಲೇನು? ಅದೂ ಒಂದ್ಸಲ ನೋಡ್ಬೇಕವ್ವಾ" ಎಂದಳು.

ನೋಡಿ, ನನ್ನ ಕುತೂಹಲವೇ ಆಕೆಗೂ ಇದೆ. ಆದರೆ ಪ್ರಯೋಗ ಎಡವಿದರೆ ನನಗೆ ಹೋಗುವುದು ಒಂದು ಹಂಗಾಮಿನ ಬೆಳೆ. ಆಕೆಗೆ ಹೋಗುವುದು ಭೂಕಂಪವೂ ಕಸಿದುಕೊಳ್ಳಲಾಗದ ಬೀಜ. ಹಾಗಿರುವಾಗ ಯಾರ ಒಪ್ಪಿಗೆ ಮೊದಲು ಬೇಕು?

ವೈಷ್ಣವಿಯ ಮುಖ ಸಪ್ಪಗಾಯಿತು. ಮಗಳೇ, ನಿನ್ನ ಬಗ್ಗೆ ನನಗೆ ಬಹಳ ಹೆಮ್ಮೆ. ನಿನ್ನ ತೊಗರಿ ನನ್ನ ಹೊಲದಲ್ಲೇ ಹೂಬಿಡಲಿ ಎಂದು ನಾನು ಎಷ್ಟು ಬಯಸಿದ್ದೇನೆ ಎಂಬುದು ನಿನಗೂ ಗೊತ್ತು. ಆದರೂ ನನ್ನ ಹೂಂ ಆಕೆಯ ಮಾತಿನ ನಂತರವೇ. ಆಕೆ ಬೇಡ ಎಂದರೆ ನನ್ನದೂ ಬೇಡ.

ಕುಸುಮಬಾಯಿ ಕೊನೆಯ ಸಾಲಿನಲ್ಲಿ, ಕಂಬದ ಪಕ್ಕ ಕುಳಿತಿದ್ದಾಳೆ. ಬೆಳಿಗ್ಗೆಯಿಂದ ಆಕೆಯನ್ನು ಯಾರೂ ಮಾತಿಗೆ ಕರೆದಿಲ್ಲ. ನನ್ನ ಉಳಿದ ಸಮಯವನ್ನು ಆಕೆಗೆ ಕೊಡುತ್ತಿದ್ದೇನೆ. ಅಧ್ಯಕ್ಷರೇ, ದಯವಿಟ್ಟು ಗಂಟೆ ಬಾರಿಸಬೇಡಿ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದಗಳು.

ಬಾ ಕುಸುಮಾ, ಮ್ಯಾಲ ಬಾ. ಇದು ಯಾರ ಹೊಲಾನೂ ಅಲ್ಲ. ಇಲ್ಲಿ 'ಇಲ್ಲ' ಅನ್ಲಿಕ್ಕಿ ಬರ್ತದ.

ನಮಸ್ಕಾರ.