ಎಡಗಡೆಯ ಸ್ಪೀಕರ್

ದೊಡ್ಡ ಮಳಿಗೆಯ ಗಾಜಿನ ಕೋಣೆಯಲ್ಲಿ ದುಬಾರಿ ಸ್ಪೀಕರ್ ಕೇಳಿ ನೋಡಲು ನನ್ನ ಸರದಿಗಾಗಿ ಕಾಯುತ್ತಿದ್ದೆ. ಮುಂದಿನ ಸೋಫಾದಲ್ಲಿ ನಡುವಯಸ್ಸಿನ ಗಂಡ, ಅವನ ಎಡಕ್ಕೆ ಹೆಂಡತಿ.

“ಎಡಗಡೇದು ಬರ್ತಾನೇ ಇಲ್ವಲ್ಲಪ್ಪ,” ಎಂದ ಗಂಡ.

“ಬರ್ತಿದೆ ಸಾರ್,” ಎಂದ ಸೇಲ್ಸ್‌ಮನ್.

“ಚೆನ್ನಾಗೇ ಕೇಳ್ತಿದೆಯಲ್ರೀ,” ಎಂದಳು ಹೆಂಡತಿ.

“ಎರಡನ್ನೂ ಅದಲುಬದಲು ಮಾಡಿ ನೋಡೋಣ.”

ಸೇಲ್ಸ್‌ಮನ್ ಎದೆಮಟ್ಟದ ಆ ಎರಡು ಪೆಟ್ಟಿಗೆಗಳನ್ನು ಏದುಸಿರು ಬಿಡುತ್ತ ಎಳೆದು ಜಾಗ ಬದಲಿಸಿದ. ಅದೇ ಹಾಡು ಮತ್ತೆ ಮೊದಲಿಂದ ಶುರುವಾಯಿತು.

“ಈಗ ಸಾರ್?”

“ಈಗ್ಲೂ ಎಡಗಡೇದೇ ಇಲ್ಲ.”

ಹೆಂಡತಿ ಮುಂದೆ ಬಾಗಿ, ಅವನ ಮುಖ ನೋಡಿ ಕೇಳಿದಳು.

“ನಿಮ್ಮ ಕಿವಿ ಯಾವಾಗಿಂದ ಹೀಗಾಗಿದೆ ರೀ?”

“ಗೊತ್ತಿಲ್ಲ ಕಣೆ. ನೀನೇ ಮಾತು ಕಮ್ಮಿ ಮಾಡಿದೀಯ ಅಂದ್ಕೊಂಡಿದ್ದೆ.”

“ನೀವು ಉತ್ತರ ಕೊಡೋದು ಬಿಟ್ರಿ ಅಂತ ನಾನೂ ಸುಮ್ಮನಾದೆ.”

“ಹೂಂ.”

“ಬೇರೆ ಜೋಡಿ ಹಾಕ್ಲಾ ಸಾರ್?”

“ಒಂದೇ ಕೊಡ್ತೀರಾ?”

“ಇಲ್ಲ ಸಾರ್, ಜೋಡಿನೇ ತಗೋಬೇಕು.”

ಇಬ್ಬರೂ ಎದ್ದರು. ಬಾಗಿಲ ಬಳಿ ಹೆಂಡತಿ ಅವನ ಹಿಂದಿನಿಂದ ಸುತ್ತಿ ಬಲಕ್ಕೆ ಬಂದಳು. ಹೊರಗೆ ಹೋದ ಮೇಲೆ ಏನೋ ಹೇಳಿದಳು, ಅವನು ತಲೆಯಾಡಿಸಿದ. ಗಾಜಿನ ಈಚೆ ನನಗೆ ಕೇಳಿಸಲಿಲ್ಲ.