ಸ್ಕ್ರೋಲ್ ಲಾಕ್ ಇಲ್ಲದ ಕೀಬೋರ್ಡ್

ರಾಗಿ ಬೀಸಿಸಲು ಸದಾಶಿವನಗರದ ಗಿರಣಿಗೆ ಹೋಗಿದ್ದೆ. ಹಿಟ್ಟಾಗುವವರೆಗೆ ಪಕ್ಕದ ಕಂಪ್ಯೂಟರ್ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಗಲ್ಲಾದ ಬಳಿ ಒಬ್ಬ ತಾಯಿ ಮತ್ತು ಬೆಳೆದ ಮಗಳು ಕೀಬೋರ್ಡ್ ಆರಿಸುತ್ತಿದ್ದರು.

"ಇದು ಮೆಕ್ಯಾನಿಕಲ್ ಅಮ್ಮ. ಒತ್ತಿ ನೋಡು, ಲ್ಯಾಪ್‌ಟಾಪ್ ಥರ ಬೆರಳು ನೋಯಲ್ಲ."

"ಹೌದು ಕಣೇ ಅನು. ನನ್ನ ಹಳೇ ಟೈಪ್‌ರೈಟರ್ ಥರಾನೇ ಟಕಟಕ ಅನ್ನುತ್ತೆ."

"ಪುಟ್ಟದು ಬೇರೆ. ನೀನು ದಿನಾ ಗುಬ್ಬಿ ಬಸ್ಸಲ್ಲಿ ಹೊತ್ಕೊಂಡು ಹೋಗೋಕೆ ಸುಲಭ."

"ಸ್ಕ್ರೋಲ್ ಲಾಕ್ ಎಲ್ಲಿ?"

"ಅದನ್ನ ಈಗ ಯಾರಮ್ಮ ಒತ್ತುತ್ತಾರೆ?"

"ನಾನು! ಅದನ್ನ ಒತ್ತಿದ್ರೇನೇ ನುಡಿ ಸಾಫ್ಟ್‌ವೇರಲ್ಲಿ ಕನ್ನಡ ಬರೋದು. ತಾಲ್ಲೂಕ್ ಆಫೀಸಿಗೆ ಜನರ ಅರ್ಜಿ ಇಂಗ್ಲಿಷಲ್ಲಿ ಹೊಡ್ಕೊಡ್ಲಾ?"

"ಇದ್ರಲ್ಲಿ ಎರಡು ಕೀ ಒಟ್ಟಿಗೆ ಒತ್ತಿದ್ರಾಯ್ತು."

"ನಡುವೆ ಇಂಗ್ಲಿಷ್ ಪದ ಬಂದಾಗೆಲ್ಲ ಹುಡುಕಿ ಒತ್ಬೇಕಲ್ಲ. ನಾನು ಕೀ ನೋಡಲ್ಲ ಕಣೇ. ಅರ್ಜಿ ಬರೆಸೋರು ಅರ್ಧಕ್ಕೇ ಅಳೋಕೆ ಶುರು ಮಾಡ್ತಾರೆ. ಮುಖ ನೋಡ್ತಾ ಇದ್ರೆ ಮಿಕ್ಕಿದ್ದು ಹೇಳ್ತಾರೆ. ನಾನು ತಲೆ ತಗ್ಗಿಸಿದ್ರೆ ಅಲ್ಲಿಗೇ ನಿಲ್ಲಿಸ್ಬಿಡ್ತಾರೆ."

ಮಗಳು ಆ ಕೀಬೋರ್ಡನ್ನು ಪಕ್ಕಕ್ಕಿಟ್ಟಳು. ಆಮೇಲೆ ಅಂಗಡಿಯವರನ್ನು ಕರೆದಳು.

"ಅಣ್ಣ, ಸ್ಕ್ರೋಲ್ ಲಾಕ್ ಇರೋದ್ರಲ್ಲೇ ಪುಟ್ಟದು ತೋರ್ಸಿ."

ಇಬ್ಬರೂ ಅವರ ಹಿಂದೆ ಒಳಗಿನ ಕೋಣೆಗೆ ಹೋದರು.