ಎರಡು ಹೊಸಮನೆ, ಮೂರನೇ ಕ್ರಾಸ್, ನಂಬರ್ 47

ಹೆಸರು ಮೂರ್ತಪ್ಪ ಬಿನ್ ಲೇಟ್ ಕೃಷ್ಣಪ್ಪ, ವಯಸ್ಸು 61 ವರ್ಷ, ಸಾರಿಗೆ ಸಂಸ್ಥೆಯ ನಿವೃತ್ತ ಸಂಚಾರ ನಿಯಂತ್ರಕ, ವಾಸ ನಂಬರ್ 47, ಮೂರನೇ ಕ್ರಾಸ್, ಹೊಸಮನೆ, ಶಿವಮೊಗ್ಗ ನಗರ. ನಿನ್ನೆ ದಿನಾಂಕ 13-02-2025ರಂದು ನಾನು ಕೊಟ್ಟ ದೂರಿಗೆ ಸೇರಿಸಿ, ಇಂದು ಯಾರ ಬಲವಂತವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ಹೆಂಡತಿ ವಿಮಲಮ್ಮ, 56 ವರ್ಷ, ಇವಳೊಂದಿಗೆ ವಾಸವಾಗಿರುತ್ತೇನೆ. ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಯಾವ ಬಸ್ಸು ಎಲ್ಲಿಗೆ ಎಂದು ಕೂಗಿದ್ದೇನೆ. ಭದ್ರಾವತಿಗೆ ಹೋಗುವವರನ್ನು ಬೇರೆ ಬಸ್ಸಿಗೆ ಹತ್ತಿಸಿದೆ ಎಂದು ಒಬ್ಬರೂ ನನ್ನ ಮೇಲೆ ದೂರಿಲ್ಲ. ಇದು ಕೇಸಿಗೆ ಬೇಡ ಎಂದು ಬರೆದುಕೊಳ್ಳುತ್ತಿರುವ ಸಿಬ್ಬಂದಿ ಹೇಳಿದರು. ಬೇಕು, ಬರೆಯಿರಿ ಎಂದಿದ್ದೇನೆ.

ನಿನ್ನೆ ಗುರುವಾರ ಭದ್ರಾವತಿಯಲ್ಲಿ ನನ್ನ ತಂಗಿಯ ಮಗ ಯೋಗೇಶನ ಮಗುವಿಗೆ ನಾಮಕರಣ ಇತ್ತು. ವಿಮಲಮ್ಮನಿಗೆ ಮಂಡಿ ನೋವು. ನಾನು ಬರಲ್ಲ ರೀ, ಹಾಲ್ ಮೆಟ್ಟಿಲು ಹತ್ತಕ್ಕಾಗಲ್ಲ, ಮಗೂಗೆ ಬೆಳ್ಳಿ ಲೋಟ ಕೊಟ್ಟು ಬನ್ನಿ ಎಂದಳು. ಆಗ ಅವಳು ಮನೆ ಮುಂದಿನ ತಂತಿಯ ಮೇಲೆ ಸೀರೆ ಒಣಗಲು ಹಾಕುತ್ತಿದ್ದಳು. ಮುಂದಿನ ಕಾಂಪೌಂಡ್ ಒಡೆಸಿ ಗಾಡಿ ನಿಲ್ಲಿಸಲು ಜಾಗ ಮಾಡಿಸುತ್ತೇನೆ ಎಂದು ನಾನು ದಸರೆಯಿಂದ ಹೇಳುತ್ತಲೇ ಇದ್ದೆ. ದಸರಾ ಹೋಯ್ತು, ಸಂಕ್ರಾಂತಿನೂ ಹೋಯ್ತು, ನಿಮ್ಮ ಕಾಂಪೌಂಡ್ ಮಾತ್ರ ಅಲ್ಲೇ ನಿಂತಿದೆ ಎಂದು ರೇಗಿಸಿದಳು. ಬೀದಿ ದನ ನುಗ್ಗಿ ಗಿಡ ತಿನ್ನುತ್ತವೆ ಎಂದು ನಾನು ಹೊರಗಿನಿಂದ ಗೇಟಿಗೆ ಬೀಗ ಹಾಕಿ 9 ಗಂಟೆ 15 ನಿಮಿಷಕ್ಕೆ ಹೊರಟೆ. ಗೇಟಿನ ಇನ್ನೊಂದು ಕೀಲಿ ಹಿಂಬಾಗಿಲ ಕೀಲಿಯ ಜೊತೆ ಒಂದೇ ಗೊಂಚಲಲ್ಲಿ ಹಿಂಬಾಗಿಲ ಪಕ್ಕದ ಮೊಳೆಯಲ್ಲಿ ಇರುತ್ತದೆ. ಒಳಗಿನಿಂದ ಕೈ ಹಾಕಿದರೆ ಬೀಗ ತೆಗೆಯಬಹುದು.

10 ಗಂಟೆ 20 ನಿಮಿಷಕ್ಕೆ ಭದ್ರಾವತಿಯ ಸಮುದಾಯ ಭವನ ತಲುಪಿದೆ. ಮಗುವಿಗೆ ಸಿರಿ ಎಂದು ಹೆಸರಿಟ್ಟರು. ಅಲ್ಲಿ ಯೋಗೇಶನ ಸ್ನೇಹಿತ ಸುದರ್ಶನ ಎಂಬುವರ ಪರಿಚಯವಾಯಿತು. ಭದ್ರಾವತಿಯ ಹೊಸಮನೆಯಲ್ಲಿ ಅವರದೊಂದು ಹಳೇ ಮನೆ ಇದ್ದು, ಬಾಡಿಗೆಯವರು ಹೋದ ತಿಂಗಳೇ ಖಾಲಿ ಮಾಡಿದ್ದಾರೆ, ಇವತ್ತು ಜೆಸಿಬಿ ಬಂದು ಕೆಡವುತ್ತದೆ, ಸೈಟು ಮಾರಲು ಶಿವಮೊಗ್ಗ ಸವಳಂಗ ರಸ್ತೆಯ ನೆಲೆಗಟ್ಟು ಪ್ರಾಪರ್ಟೀಸ್‌ನವರ ವೆಬ್‌ಸೈಟಿಗೆ ಹಾಕಿಸಿದ್ದೇನೆ ಎಂದು ತಿಳಿಸಿದರು. ನಂಬರ್ ಎಷ್ಟು ಎಂದು ಕೇಳಿದೆ. ಮೂರನೇ ಕ್ರಾಸ್, ನಲವತ್ತೇಳು ಎಂದರು. ಅಯ್ಯೋ, ನಮ್ದೂ ಅದೇ ಕಣ್ರೀ, ಹೊಸಮನೆ, ಮೂರನೇ ಕ್ರಾಸ್, ನಲವತ್ತೇಳು, ಊರು ಮಾತ್ರ ಶಿವಮೊಗ್ಗ ಎಂದು ನಾನೇ ಹೇಳಿದೆ. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

11 ಗಂಟೆ 50 ನಿಮಿಷಕ್ಕೆ ಮೊದಲ ಪಂಕ್ತಿಗೆ ಬಡಿಸುತ್ತಿದ್ದರು. ಸುದರ್ಶನ ಅವರು ಹುಳಿ ಬಕೆಟ್ ಹಿಡಿದಿದ್ದರು. ಅವರ ಜೇಬಿನ ಫೋನು ಎರಡು ಸಲ ಹೊಡೆದುಕೊಂಡಿತು. ಫೋನು ಹೊಡೆದುಕೊಳ್ಳುತ್ತಿದ್ದರೆ ಸುಮ್ಮನಿರುವುದು ನನಗೆ ಆಗುವುದಿಲ್ಲ. ಕೊಡಿ ನಾನು ಮಾತಾಡ್ತೀನಿ ಎಂದೆ. ಸ್ವಲ್ಪ ನೋಡಿ ಅಣ್ಣಾ, ಜೆಸಿಬಿಯವನೇ ಇರ್ಬೇಕು ಎಂದು ಫೋನು ನನ್ನ ಕೈಗೆ ಕೊಟ್ಟು ಪಂಕ್ತಿಯ ಕೊನೆಗೆ ಹೋದರು.

ಆ ಕಡೆ ಮಾತಾಡಿದವನು ಜೆಸಿಬಿ ಚಾಲಕ ಪರಶುರಾಮ. ಮನೆ ಮುಂದೆ ಇದೀನಿ ಸಾರ್, ಹೊಸಮನೆ ಮೂರನೇ ಕ್ರಾಸ್ ನಲವತ್ತೇಳು ಅಲ್ವಾ ಎಂದು ಕೇಳಿದ. ಹೌದು ಎಂದೆ. ಗೇಟಿಗೆ ಬೀಗ ಇದೆ, ಕೂಗಿದೆ, ಯಾರೂ ಬರ್ತಿಲ್ಲ ಎಂದ. ಒಡಿ ಎಂದೆ. ತಂತಿ ಮೇಲೆ ಒಂದು ನೀಲಿ ಸೀರೆ ಒಣಗಾಕಿದೆ ಸಾರ್, ಒಳಗೆ ಜನ ಇದಾರೇನೋ ಎಂದ. ನಾನು ಸುದರ್ಶನ ಅವರನ್ನು ಕರೆದು ಕೇಳಲಿಲ್ಲ. ಅವರು ನನ್ನಿಂದ ಸುಮಾರು 30 ಅಡಿ ದೂರದಲ್ಲಿ ಇದ್ದರು. ಬಾಡಿಗೆಯವರು ಬಿಟ್ಟು ಹೋಗಿರ್ತಾರೆ, ಒಳಗೆ ಯಾರೂ ಇಲ್ಲ, ಎಷ್ಟು ಪ್ರಶ್ನೆ ಕೇಳ್ತೀಯಾ, ಕೆಡವು ಮಾರಾಯ ಎಂದು ಹೇಳಿ ಫೋನು ಇಟ್ಟೆ. ನಂತರ ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತೆ. ಪಾಯಸ ಎರಡು ಸಲ ಹಾಕಿಸಿಕೊಂಡೆ.

12 ಗಂಟೆ 34 ನಿಮಿಷಕ್ಕೆ ನಮ್ಮ ಎದುರು ಮನೆಯ ಲಿಂಗಮ್ಮ ನನಗೆ ಫೋನು ಮಾಡಿದರು. ಅವರು ಹಿಟ್ಟಿನ ಗಿರಣಿಗೆ ಹೋಗಿ ಆಗ ತಾನೇ ಹಿಂದಿರುಗಿದ್ದರಂತೆ. ಮೂರ್ತಪ್ಪಣ್ಣ, ನಿಮ್ಮನೆ ಮುಂದಿನ ಕೋಣೆ ಇಲ್ಲ, ಜೆಸಿಬಿ ಬಂದು ಕೆಡವಿ ಹಾಕಿದೆ, ವಿಮಲಕ್ಕ ಒಳಗಿದ್ರು ಎಂದು ಅಳುತ್ತಾ ಹೇಳಿದರು. ಯಾವ ಜೆಸಿಬಿ, ಯಾಕೆ ಬಂತು ಎಂದು ಕೂಗಾಡಿದೆ. ದೇವರಾಣೆ, ಆಗಲೂ ನನಗೆ ಹೊಳೆಯಲಿಲ್ಲ, ನಾನು ಮಾತಾಡಿದ್ದು ಭದ್ರಾವತಿಯ ಮನೆ ಮುಂದೆ ನಿಂತವನ ಜೊತೆ ಎಂದೇ ತಲೆಯಲ್ಲಿತ್ತು.

ಯೋಗೇಶನ ಕಾರಿನಲ್ಲಿ 1 ಗಂಟೆ 12 ನಿಮಿಷಕ್ಕೆ ಮನೆ ಹತ್ತಿರ ಬಂದೆ. ಕಾಂಪೌಂಡ್ ಇರಲಿಲ್ಲ. ಮುಂದಿನ ಕೋಣೆಯ ಮೂರು ಗೋಡೆ ಬಿದ್ದಿದ್ದವು. ನಾಲ್ಕನೆಯದರಲ್ಲಿ ಕ್ಯಾಲೆಂಡರ್ ನೇತಾಡುತ್ತಿತ್ತು. ನೀಲಿ ಸೀರೆ ಜೆಸಿಬಿ ಚಕ್ರಕ್ಕೆ ಸುತ್ತಿಕೊಂಡಿತ್ತು. ವಿಮಲಮ್ಮನ ಕೂಗು ಕೇಳಿದ ಕೂಡಲೇ ಚಾಲಕ ಇಳಿದು ಓಡಿ, ಬರಿಗೈಯಲ್ಲಿ ಇಟ್ಟಿಗೆ ತೆಗೆದು ಹೊರಗೆ ಎಳೆದನೆಂದು ಜನ ಹೇಳಿದರು. ಅವಳನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಬಲ ತೊಡೆಯ ಮೂಳೆ ಮುರಿದಿತ್ತು, ತಲೆಗೆ ಒಂಬತ್ತು ಹೊಲಿಗೆ. ಪ್ರಜ್ಞೆ ಇರಲಿಲ್ಲ. ಆಪರೇಷನ್ ಕೋಣೆಯ ಹೊರಗೆ ನಿಂತಿದ್ದೆ, ಏನೂ ಕಾಣುತ್ತಿರಲಿಲ್ಲ.

3 ಗಂಟೆ 30 ನಿಮಿಷಕ್ಕೆ ಈ ಠಾಣೆಗೆ ಬಂದೆ. ಪರಶುರಾಮ ಬೆಂಚಿನ ಮೇಲೆ ಕುಳಿತಿದ್ದ. ಅವನ ಎರಡೂ ಕೈಗೆ ಬಟ್ಟೆ ಸುತ್ತಿದ್ದರು. ನಾನು ಅವನ ಕಾಲರ್ ಹಿಡಿದೆ. ಪೇದೆಯವರು ಬಿಡಿಸಿದರು. ನೆಲೆಗಟ್ಟು ಕಂಪನಿಯವರು ಫೋನಿಗೆ ಕಳಿಸಿದ ಪುಟದಲ್ಲಿ ದಾರಿ ತೋರಿಸು ಎಂಬ ಗುಂಡಿ ಒತ್ತಿ ಬಂದೆ, ಓನರ್ ಫೋನಿನಲ್ಲಿ ಹೂಂ ಅಂದ ಮೇಲೇ ಕೆಡವಿದೆ ಎಂದು ಅವನು ಹೇಳಿದ. ಅದರಂತೆ ನನ್ನ ದೂರಿನಲ್ಲಿ, ಫೋನಿನಲ್ಲಿ ಯಾರೋ ಅಪರಿಚಿತ ವ್ಯಕ್ತಿ ಸುಳ್ಳು ಹೇಳಿ ಕೆಡವಲು ಪ್ರಚೋದಿಸಿರುತ್ತಾನೆ, ಅವನನ್ನು ಪತ್ತೆ ಮಾಡಿ ಕಠಿಣ ಶಿಕ್ಷೆ ಕೊಡಿಸಬೇಕು ಎಂದು ಬರೆಸಿದೆ.

4 ಗಂಟೆ 10 ನಿಮಿಷಕ್ಕೆ ನೆಲೆಗಟ್ಟು ಪ್ರಾಪರ್ಟೀಸ್‌ನ ದಿವ್ಯಶ್ರೀ ಎಂಬ ಹುಡುಗಿ ಲ್ಯಾಪ್‌ಟಾಪ್ ತಂದು ಸಾಹೇಬರಿಗೆ ತೋರಿಸಿದಳು. ನಾನೂ ನೋಡಿದೆ. ಪುಟದಲ್ಲಿ ದಪ್ಪ ಅಕ್ಷರದಲ್ಲಿ ಭದ್ರಾವತಿ ಹೊಸಮನೆ ಎಂದೇ ಇತ್ತು. ಮತ್ತೆ ಇವನು ಶಿವಮೊಗ್ಗಕ್ಕೆ ಹೇಗೆ ಬಂದ ಎಂದು ನಾನು ಜೋರು ಮಾಡಿದೆ. ಜನರಿಗೆ ಕಾಣುವ ಪುಟದ ಹಿಂದೆ ಗೂಗಲ್ ಓದಲಿಕ್ಕೆ ಇನ್ನೊಂದು ಚೀಟಿ ಇರುತ್ತದೆ, ಅದಕ್ಕೆ ಸ್ಟ್ರಕ್ಚರ್ಡ್ ಡೇಟಾ ಅನ್ನುತ್ತಾರೆ, ಮನೆಯೋ ಸೈಟೋ, ಬೆಲೆ ಎಷ್ಟು, ಯಾವ ಬೀದಿ, ಯಾವ ಊರು, ಪಿನ್‌ಕೋಡ್ ಏನು ಎಂದು ಒಂದೊಂದಕ್ಕೂ ಒಂದೊಂದು ಖಾನೆ, ದಾರಿ ತೋರಿಸುವ ಗುಂಡಿ ಆ ಚೀಟಿಯಿಂದಲೇ ವಿಳಾಸ ತೆಗೆದುಕೊಳ್ಳುತ್ತದೆ ಎಂದು ವಿವರಿಸಿದಳು. ಬಸ್ಸಿಗೆ ಹಾಕುವ ಪಾರ್ಸೆಲ್ ಹಾಗೆ ಎಂದು ನನಗೆ ಅರ್ಥವಾಯಿತು. ಒಳಗೆ ಏನೇ ಬರೆದಿರಲಿ, ಕಂಡಕ್ಟರ್ ಇಳಿಸುವುದು ಮೇಲಿನ ಚೀಟಿ ನೋಡಿ.

ಹಿಂದೆ ಹಾಕಿದ್ದ ಶಿವಮೊಗ್ಗದ ಬೇರೊಂದು ಮನೆಯ ಚೀಟಿ ನಕಲು ಮಾಡಿ ಬೀದಿ, ನಂಬರ್, ಬೆಲೆ ಬದಲಾಯಿಸಿದೆ, ಊರಿನ ಖಾನೆಯಲ್ಲಿ ಶಿವಮೊಗ್ಗ, ಪಿನ್‌ಕೋಡ್ 577201 ಹಾಗೇ ಉಳಿಯಿತು, 577301 ಆಗಬೇಕಿತ್ತು ಎಂದಳು. ಒಂದೇ ಒಂದು ಅಂಕಿ. ಯಾಕೆ ನೋಡಲಿಲ್ಲ ಎಂದದ್ದಕ್ಕೆ, ಹೊಸಮನೆ ಅಂದ್ರೆ ನಮಗೆ ಇದೊಂದೇ ಅಂಕಲ್, ನಾನು ಹುಟ್ಟಿದ್ದೇ ಇಲ್ಲಿ, ಶಿವಮೊಗ್ಗ ಅಂತ ಇದ್ದದ್ದು ತಪ್ಪು ಅಂತ ಕಣ್ಣಿಗೇ ಬೀಳ್ಲಿಲ್ಲ ಎಂದು ಅತ್ತಳು. ಚೀಟಿ ಸರಿಯಿದೆಯೇ ಎಂದು ಪರೀಕ್ಷೆ ಮಾಡುವ ಯಂತ್ರಕ್ಕೂ ಕೊಟ್ಟಿದ್ದಳಂತೆ. ಎಲ್ಲ ಖಾನೆ ತುಂಬಿದೆ ಎಂದು ಅದು ಹಸಿರು ಗುರುತು ಕೊಟ್ಟಿದೆ. ಕೇಳುವುದಕ್ಕೆ ನಾಲಿಗೆ ಇರಲಿಲ್ಲವೇ, ಸುದರ್ಶನನಿಗೆ ಒಂದು ಫೋನು ಮಾಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಅವಳನ್ನು ಬಾಯಿಗೆ ಬಂದಂತೆ ಬೈದೆ.

5 ಗಂಟೆ 20 ನಿಮಿಷಕ್ಕೆ, ನಾನು ಮಾತಾಡಿದ ಕರೆ ಬೇರೆ ಎಂದೇ ಆಗಲೂ ನಂಬಿಕೊಂಡು, ನಾನೇ ಪರಶುರಾಮನಿಗೆ, ಯಾವ ಬೇವರ್ಸಿ ಕಣೋ ನಿನಗೆ ಕೆಡವು ಅಂದಿದ್ದು ಎಂದು ಕೇಳಿದೆ. ಅವನ ಫೋನಿನಲ್ಲಿ ಬಂದ ಕರೆ, ಮಾಡಿದ ಕರೆ ಎಲ್ಲ ತಾನಾಗಿಯೇ ರೆಕಾರ್ಡ್ ಆಗುತ್ತದೆ. ಸಾಹೇಬರು ಹಾಕಿಸಿದರು. ಜೆಸಿಬಿ ಸದ್ದಿನ ನಡುವೆ, ಎಷ್ಟು ಪ್ರಶ್ನೆ ಕೇಳ್ತೀಯಾ, ಕೆಡವು ಮಾರಾಯ ಎಂಬುದು ಸ್ಪಷ್ಟವಾಗಿ ಕೇಳಿಸಿತು. ಪರಶುರಾಮ ನನ್ನ ಮುಖ ನೋಡಿದ. ಇನ್ನೊಂದು ಸಲ ಹಾಕಿ ಎಂದೆ. ಹಾಕಿದರು. ನಾನು ನೆಲದ ಮೇಲೆ ಕುಳಿತುಬಿಟ್ಟೆ.

ಇಂದು ದಿನಾಂಕ 14ರಂದು ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ವಿಮಲಮ್ಮನಿಗೆ ಎಚ್ಚರವಾಯಿತು. ಮಹಿಳಾ ಸಿಬ್ಬಂದಿ ಮಂಜುಶ್ರೀ ಅವರು ಹೇಳಿಕೆ ಪಡೆಯುವಾಗ ನಾನು ಪರದೆಯ ಹಿಂದೆ ನಿಂತಿದ್ದೆ. ಹಿಂದಿನ ಕೋಣೆಯಲ್ಲಿ ಮಲಗಿದ್ದಾಗ ಜೆಸಿಬಿ ಸದ್ದಿಗೆ ಎಚ್ಚರವಾಯಿತು, ಯಾರೋ ಕೂಗುತ್ತಿದ್ದರು, ಹೆದರಿ ಹಿಂಬಾಗಿಲಿಂದ ಓಡಿಹೋಗೋಣ ಎಂದು ಮೊಳೆಯಿಂದ ಕೀಲಿ ತೆಗೆದೆ, ಅಷ್ಟರಲ್ಲಿ ಗೇಟಿನ ಹತ್ತಿರ ನಮ್ಮನೆಯವರ ಧ್ವನಿ ಕೇಳಿಸಿತು ಎಂದು ಹೇಳಿದಳು. ಚಾಲಕ ಫೋನನ್ನು ಸ್ಪೀಕರಿಗೆ ಹಾಕಿಕೊಂಡಿದ್ದನಂತೆ. ಪೂರ್ತಿ ಮಾತು ಅವಳಿಗೆ ಕೇಳಿಲ್ಲ. ಕೆಡವು ಮಾರಾಯ ಅಂದಿದ್ದು ಕೇಳ್ತು, ಅವರ ಧ್ವನಿ ನಂಗೊತ್ತಾಗಲ್ವಾ, ಬಂದಿದಾರೆ, ಅಂತೂ ಕಾಂಪೌಂಡ್ ತೆಗೆಸ್ತಿದಾರೆ ಅಂತ ಧೈರ್ಯ ಬಂತು ಎಂದಳು. ಕೀಲಿಯನ್ನು ತಿರುಗಿ ಮೊಳೆಗೆ ಹಾಕಿದೆ, ಬಿಸಿಲಲ್ಲಿ ಕೆಲಸ ಮಾಡೋರಿಗೆ ನೀರು ಕೊಡೋಣ ಎಂದು ತಂಬಿಗೆ ತುಂಬಿಕೊಂಡು ಮುಂದಿನ ಕೋಣೆಗೆ ಬಂದೆ ಎಂದಳು. ಅಷ್ಟೇ ನೆನಪು ಎಂದಳು. ಅವರಿಗೇನೂ ಆಗಿಲ್ಲ ತಾನೇ, ಅವರೂ ಅಲ್ಲೇ ನಿಂತಿದ್ರು ಎಂದು ಮಂಜುಶ್ರೀ ಅವರನ್ನು ಕೇಳಿದಳು.

ನಾನು ಪರದೆ ಸರಿಸಿ ಒಳಗೆ ಹೋಗಲಿಲ್ಲ. ಅಲ್ಲಿಂದ ನಡೆದು ನೇರ ಈ ಠಾಣೆಗೆ ಬಂದಿದ್ದೇನೆ.

ಆದುದರಿಂದ ನಿನ್ನೆಯ ದೂರಿನಲ್ಲಿ ಅಪರಿಚಿತ ವ್ಯಕ್ತಿ ಎಂದು ಇರುವ ಕಡೆ ಆ ಎರಡು ಪದ ಹೊಡೆದುಹಾಕಿ ನನ್ನ ಹೆಸರು, ತಂದೆ ಹೆಸರು, ವಿಳಾಸ ಬರೆದುಕೊಳ್ಳಬೇಕು. ಊರು ಶಿವಮೊಗ್ಗ ಎಂದೇ ಬರೆಯಬೇಕು. ಮಿಕ್ಕ ಮಾತು ಇದ್ದಂತೆಯೇ ಇರಲಿ. ಬರೆದದ್ದನ್ನು ಸಿಬ್ಬಂದಿ ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಶಿವಮೊಗ್ಗ
ದಿನಾಂಕ: 14-02-2025, ಬೆಳಿಗ್ಗೆ 11 ಗಂಟೆ 50 ನಿಮಿಷ
ಸಹಿ: ಕೆ. ಮೂರ್ತಪ್ಪ